ಮಹಜರಿನಲ್ಲಿ ಇಲ್ಲದ ಅನ್ನ

ಮೇಡಂ ಮುಂದಿನ ಕಾಫಿ ಲೋಟದಿಂದ ಹಬೆ ಏಳುತ್ತಿದೆ, ಫ್ಯಾನಿನ ಗಾಳಿಗೆ ಬಾಗಿ ಮತ್ತೆ ಏಳುತ್ತಿದೆ, ಅದನ್ನು ನೋಡಬಾರದು ಎಂದುಕೊಂಡ ಮಡಿವಾಳಪ್ಪ, ನೋಡಿದರೆ ಅನ್ನ ನೆನಪಾಗುತ್ತದೆ, ಕ್ಯಾಲೆಂಡರ್ ನೋಡು, ಬಾಗಿಲ ಹತ್ತಿರ ಕೈಕಟ್ಟಿ ನಿಂತ ಇಂಜಿನಿಯರ್ ನಾಗಭೂಷಣನ ಬೂಟು ನೋಡು, ಹಿಂದಿನ ಬೆಂಚಿನಲ್ಲಿ ಕೂತ ಹನುಮವ್ವನ ಕಡೆ ಮಾತ್ರ ತಿರುಗಬೇಡ — ಈ ಮಹಜರಿನಲ್ಲಿರೋ ಸಹಿ ನಿಮ್ಮದೇನ್ರೀ, ವಿಚಾರಣೆಗೆ ಕೂತ ಮೇಡಂ ಕಾಗದ ಅವನ ಕಡೆ ತಿರುಗಿಸಿದರು, ಹೌದು, ಅವನದೇ, ಬಾಲ ಎತ್ತಿದ ಮ, ಊರ ಶಾಲೆಯ ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು ದುಂಡಗೆ ಮಾಡಿಸಿದ ಅಕ್ಷರ, ಲಗ್ಗೆರೆಯಲ್ಲಿ ನಾಗಭೂಷಣನ ಪಾಲಿಕೆ ಆಫೀಸಿನ ಮುಂದೆ ಟೀ ಗಾಡಿ ಇಟ್ಟು ಹನ್ನೊಂದು ವರ್ಷ, ಯಾವ ಜಾಗದ ಮಹಜರಿಗೆ ಸಾಕ್ಷಿ ಬೇಕಾದರೂ ಅಣ್ಣಾ ಒಂದು ಸೈನ್ ಹಾಕು ಎಂದು ಖಾಲಿ ಹಾಳೆ ಚಾಚುತ್ತಿದ್ದರು, ಜಾಗ ನೋಡಿದ್ದು ಯಾರು, ಆಮೇಲೆ ಬರೆದದ್ದು ಯಾರು, ಇವನು ಟವೆಲ್ಲಿಗೆ ಕೈ ಒರೆಸಿ ಹಾಕುತ್ತಿದ್ದ, ಗಾಡಿಯನ್ನು ಫುಟ್‌ಪಾತಿನಿಂದ ಯಾರೂ ಎತ್ತುತ್ತಿರಲಿಲ್ಲ, ಥೂ, ಹೆಮ್ಮೆ ಬೇರೆ, ನನ್ನ ಸೈನ್ ಇಲ್ದೆ ಅಲ್ಲಿ ಒಂದು ಕಾಗದಾನೂ ಅಲ್ಲಾಡಲ್ಲ ಕಣೇ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದ.

ಮೇಡಂ ಓದುತ್ತಿದ್ದಾರೆ, ಶೆಡ್ಡು ಖಾಲಿ ಇತ್ತು, ವರ್ಷದಿಂದ ಯಾರೂ ವಾಸವಿರಲಿಲ್ಲ, ಪಂಚರ ಸಮಕ್ಷಮ ತೆರವುಗೊಳಿಸಲಾಯಿತು — ವಾಸವಿಲ್ಲ ಎಂದಾದರೆ ಹನುಮವ್ವನ ಹಕ್ಕುಪತ್ರ ರದ್ದು, ಅವಳು ವಾಸವಿದ್ದಳು ಎಂದು ಇವನು ಒಂದು ಮಾತು ಹೇಳಿದರೆ ಜಾಗ ಅವಳದೇ — ಖಾಲಿಯಂತೆ, ಅವತ್ತು ಬೆಳಿಗ್ಗೆ ಹತ್ತಕ್ಕೆ ಜೆಸಿಬಿ ಡ್ರೈವರಿಗೆ ಟೀ ಒಯ್ದವನು ಇವನೇ ಅಲ್ಲವೇ, ಅವಳು ಓಡಿ ಬಂದಳು, ಸಾರ್ ತಡೀರಿ, ಅನ್ನ ಬೇಯಾಕತ್ತೈತಿ, ಇಳಿಸ್ಕೊಂಡ್ ಬಿಡ್ತೀನಿ, ನಾಗಭೂಷಣ ವಾರ್ಡಿನ ಲೀಡರ್ ಜೊತೆ ಫೋನಿನಲ್ಲಿದ್ದ, ಆಯ್ತಣ್ಣಾ, ನಿಮ್ಮ ಬಾಮೈದನ ಬಿಲ್ಡಿಂಗಿಗೆ ಮಧ್ಯಾಹ್ನದೊಳಗೆ ದಾರಿ ಕ್ಲಿಯರ್, ಎನ್ನುತ್ತಲೇ ಡ್ರೈವರಿಗೆ ಕೈ ಬೀಸಿದ, ಗೋಡೆ ಬಿತ್ತು, ತಪ್ಪಲೆ ರಸ್ತೆಗೆ ಉರುಳಿತು, ಟಾರಿನ ಮೇಲೆ ಅರೆಬೆಂದ ಅನ್ನ, ಹಬೆ, ಅವಳು ಬರಿಗೈಯಲ್ಲಿ ಬಾಚಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಾಳೆ, ಟೀಗೆ ಸಕ್ಕರೆ ಕಡಿಮೆ ಎಂದವನ ಕಾಲರ್ ಹಿಡಿಯುವ ಮಡಿವಾಳಪ್ಪ ಅಲ್ಲೇ ನಿಂತು ಲೋಟ ತೊಳೆದ, ಒಂದೇ ಲೋಟವನ್ನು ಎಷ್ಟು ಹೊತ್ತು ತೊಳೆದ, ಸಂಜೆ ಖಾಲಿ ಹಾಳೆ ಬಂತು, ಅದಕ್ಕೂ ಸಹಿ, ಯಾವುದಕ್ಕೆ ಎಂದು ಕೇಳಲಿಲ್ಲ, ಗೊತ್ತಿದ್ದೇ ಕೇಳಲಿಲ್ಲ.

ಈಗಷ್ಟೇ, ಒಳಗೆ ಬರುವ ಮುಂಚೆ, ಕಾರಿಡಾರಿನಲ್ಲಿ ಹೆಗಲ ಮೇಲೆ ಕೈಯಿಟ್ಟು ನಾಗಭೂಷಣ ಮೆಲ್ಲಗೆ ಹೇಳಿದ, ಉಲ್ಟಾ ಹೊಡೆದ್ರೆ ಸುಳ್ಳು ಸಾಕ್ಷಿ ಕೇಸು ನಿಂಗೇ ಬೀಳತ್ತೆ, ನಂಗೆ ಟ್ರಾನ್ಸ್‌ಫರ್ ಆಗತ್ತೆ ಅಷ್ಟೆ, ನೀನು ಒಳಗೆ, ಗಾಡಿ ಗುಜರಿಗೆ — ಹನುಮವ್ವ ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಬಿಡುಗಡೆ ಆಗುತ್ತಿದ್ದ, ಅವಳು ಅಂದಿದ್ದು ಇಷ್ಟೇ, ನೀ ನೋಡಿದ್ದಷ್ಟ ಹೇಳೋ ಯಪ್ಪಾ, ಮತ್ತೇನ್ ಬ್ಯಾಡ — ಹೇಳ್ರೀ, ಶೆಡ್ಡು ಖಾಲಿ ಇತ್ತಾ, ಮೇಡಂ ಪೆನ್ನು ಎತ್ತಿ ಕಾಯುತ್ತಿದ್ದಾರೆ, ಬೂಟು ಒಮ್ಮೆ ಕಿರುಗುಟ್ಟಿತು, ಖಾಲಿ ಇತ್ತು ಮೇಡಂ, ಇಷ್ಟು ಸಣ್ಣ ದನಿ ಯಾರದು, ತನ್ನದೇ, ಮೇಡಂ ಬರೆದು ಕಾಗದ ಸರಿಸಿದರು, ಇಲ್ಲಿ ಸಹಿ ಮಾಡಿ, ಈ ಸಲ ಹಾಳೆಯ ತುಂಬ ಬರೆದಿದೆ, ಪೆನ್ನು ಹಿಡಿದ, ಮ, ಬಾಲ ಮೇಲೇಳುತ್ತಿಲ್ಲ, ಮ, ಟಾರು, ಟಾರಿನ ಮೇಲೆ ಅನ್ನ, ಅರೆಬೆಂದ ಅನ್ನ, ಹಬೆ