ಒಂದೂ ಠುಸ್ ಆಗಲಿಲ್ಲ

ಢಮ್ ಎಂದದ್ದು ಮೊದಲು ಎದೆಗೆ ಬಡಿಯಿತು, ಆಮೇಲೆ ಬೆಳಕು, ಆಕಾಶದ ತುಂಬ ಚಿನ್ನದ ಬಣ್ಣ ಸುರಿಯುತ್ತಿದೆ, ಗಿರಿಜಾಂಬಾ ಮಾತ್ರ ತಲೆ ತಗ್ಗಿಸಿ ಕತ್ತಲಿಗೆ ಕಿವಿಗೊಟ್ಟಿದ್ದಾಳೆ — ಅಭ್ಯಾಸ, ಮೂಡಿಗೆರೆಯ ತೋಟದಲ್ಲಿ ಪಟಾಕಿ ಹೊಡೆಯುವುದು ಆನೆಗೆ, ಸದ್ದಾದ್ಮೇಲೆ ಸುಮ್ನಿರ್ಬೇಕಮ್ಮಾ, ಕೊಂಬೆ ಮುರಿಯೋದು ಯಾವ ಕಡೆ ಅಂತ ಕೇಳ್ಬೇಕು, ಎನ್ನುತ್ತಿದ್ದ ತೋಟ ಕಾಯುವ ಗಿಡ್ಡಪ್ಪ, ಇಲ್ಲಿ ಕೇಳಲು ಎಲ್ಲಿ ಬಿಡುತ್ತಾರೆ, ಪಿಟೀಲು, ಡೋಲು, ಏಟಿಗೊಂದು ಹೂವು ಮೇಲೆ, ಈ ಜಪಾನಿನವರು ಬೆಂಕಿಗೂ ತಾಳ ಕಲಿಸಿದ್ದಾರೆ, ಟಿಕೆಟ್ ಕೊಂಡು ನಂಬರ್ ಹುಡುಕಿ ಕುರ್ಚಿಯಲ್ಲಿ ಕೂತು ನೋಡುವ ಪಟಾಕಿ! ಪಕ್ಕದಲ್ಲಿ ಗಂಡ ಓಂಕಾರಮೂರ್ತಿ, ಬೆಳೆಗಾರರ ಸಂಘದ ಗ್ರೂಪಿಗೆ ಹಾಕಲು ಮೊಬೈಲ್ ಎತ್ತಿ ಹಿಡಿದಿದ್ದಾನೆ, ನೋಡೇ ಗಿರಿಜಾ, ಎಂಥ ಕೆಲ್ಸ ಮಾರಾಯ್ತಿ, ಇಷ್ಟು ಹೊಡೆದ್ರೂ ಒಂದೂ ಠುಸ್ ಆಗ್ಲಿಲ್ಲ — ಠುಸ್, ಆ ಮಾತು ಈ ಬಾಯಲ್ಲೇ ಬರಬೇಕೇ, ಅರ್ಧ ಕರಿದಾದ ಆ ಬತ್ತಿ ಇವನ ಕಣ್ಣಿಗೆ ಒಮ್ಮೆಯೂ ಕಟ್ಟುವುದಿಲ್ಲವೇ, ಸಂಘದ ಚುನಾವಣೆ ಗೆದ್ದ ದಿನ ಆನೆ ಓಡಿಸಲು ಇಟ್ಟಿದ್ದ ಪಟಾಕಿಯನ್ನೆಲ್ಲ ಜೀಪಿಗೆ ಹಾಕಿಸಿದ, ರೀ, ಅದು ಆನೆಗೆ ಅಂತ ಇಟ್ಟಿದ್ದು, ಎಂದಳು, ಬೇರೆ ತರ್ಸಿದ್ರಾಯ್ತು ಬಿಡೇ, ಕ್ಲಬ್ಬಿನ ಮುಂದೆ ಢಮಢಮ, ಕತ್ತು ಕಾಣದಷ್ಟು ಹಾರ, ಬೇರೆ ತರಿಸಿದ್ದು ಯಾವಾಗ, ತರಿಸಲೇ ಇಲ್ಲ, ಉಳಿದದ್ದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಮೂಲೆಯಲ್ಲಿ ಮಳೆಗೆ ನೆಂದ ಮೂರು-ನಾಲ್ಕು, ಒಂಟಿ ಸಲಗ ಆಳುಗಳ ಲೈನ್‌ಮನೆ ಹತ್ತಿರ ಬಂದ ಸಂಜೆ ಗಿಡ್ಡಪ್ಪ ಅಂಗಳದಲ್ಲಿ ನಿಂತು, ಇದು ಥಂಡಿ ಹಿಡ್ದದೆ ಅಯ್ಯಾ, ಹತ್ತೋದಿಲ್ಲ, ಎಂದ, ಹತ್ತುತ್ತೆ ಹೋಗೋ, ಎಂದ ಇವನು, ಅವನು ಹೋದ, ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಕಂಬಳಿ, ಕಂಬಳಿಯ ಕೆಳಗೆ ಅವನು, ಸುತ್ತ ಆನೆಯ ಹೆಜ್ಜೆ, ಅವನ ಕೈಯ ಪಕ್ಕದಲ್ಲಿ ಸಿಡಿಯದ ಪಟಾಕಿ, ಬತ್ತಿ ಅರ್ಧದವರೆಗೆ ಕರಿ, ಇನ್ನರ್ಧ ಹಾಗೇ ಬಿಳಿ, ಆಗ ಈ ಮನುಷ್ಯ ಸೇರಿದವರಿಗೆಲ್ಲ ಹೇಳಿದ್ದೇನು, ಕುಡ್ದಿದ್ದ ಅಂತ ಕಾಣುತ್ತೆ! ಎಲೆ-ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲದವನು, ಸತ್ತವನ ಬಾಯಿಗೆ ಹೆಂಡ ಹೊಯ್ದನಲ್ಲ, ಅವನ ಹೆಂಡತಿ ಇವತ್ತಿಗೂ ತಲೆಯೆತ್ತಿ ನಡೆಯುವುದಿಲ್ಲ, ನನ್ನ ಗಂಡ ಕುಡೀತಿರ್ಲಿಲ್ಲ ಅಮ್ಮಾ, ನೀವಾದ್ರೂ ಹೇಳಿ, ಎನ್ನುತ್ತಾಳೆ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಇವನ ಜೊತೆ ವಿಮಾನ ಹತ್ತಿ ಬಂದದ್ದು ಇದನ್ನು ಕೇಳುವುದಕ್ಕೇ, ಒಂದೂ ಠುಸ್ ಆಗ್ಲಿಲ್ಲವಂತೆ —

ಸಂಗೀತ ನಿಂತಿತು. ಅಷ್ಟೂ ಜನ ಉಸಿರು ಬಿಗಿಹಿಡಿದಿದ್ದಾರೆ, ಈಗ ನೋಡು ಕೊನೇದು, ದೊಡ್ಡದು, ಎಂದು ಗಂಡ ಪಿಸುಗುಟ್ಟುತ್ತಾನೆ, ಮೊಬೈಲಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಿದೆ, ಇಷ್ಟು ಮೌನ ಮತ್ತೆ ಸಿಗುತ್ತದೆಯೇ, ಅವಳು ಬಾಯನ್ನು ಆ ಮೊಬೈಲಿನ ಹತ್ತಿರಕ್ಕೇ ಒಯ್ದು ಗಟ್ಟಿಯಾಗಿ ಅಂದಳು, ಗಿಡ್ಡಪ್ಪ ಕುಡಿದಿರ್ಲಿಲ್ಲ ರೀ, ಒಳ್ಳೇದೆಲ್ಲ ನೀವು ಕ್ಲಬ್ಬಲ್ಲಿ ಹೊಡೆದ್ರಿ, ಅವನಿಗೆ ಕೊಟ್ಟಿದ್ದು ಠುಸ್ ಆಯ್ತು. ಏ, ರೆಕಾರ್ಡ್ ಆಗ್ತಾ ಇದೆ ಕಣೇ! ಆಗ್ಲಿ. ಆಮೇಲೆ ಆಕಾಶವೇ ಬಿರಿದ ಹಾಗೆ ಸದ್ದು, ಹಗಲಿನಂಥ ಬೆಳಕು, ಆ ಬೆಳಕಿನಲ್ಲಿ ಅವನ ಮುಖ ಬೆಳ್ಳಗೆ, ಅವಳಿಗೆ ಅದೂ ಕಾಣುತ್ತಿಲ್ಲ, ಒದ್ದೆ ಮಣ್ಣು, ಕೈ, ಬತ್ತಿ, ಅರ್ಧ ಕರಿ, ಅರ್ಧ ಬಿಳಿ.