ಸೆಣಬಿನೊಳಗಿನ ನೀರು

"ನೀರಂತೆ ನೀರು! ಸರ್ಕಾರದ್ ಅಕ್ಕಿ ಕಂಡು ನಿನ್ ಬಾಯಲ್ಲಿ ಬಂದಿರೋ ನೀರು ಕಣೇ ಅದು, ಮುಂಡೆ!"

ಎಕ್ಲಾಸ್ ಮಾತಬ್ಬರ್ ಹಾಗೆಂದಾಗ ಏರಿಯ ಮೇಲೆ ಸಾಲು ನಿಂತಿದ್ದವರೆಲ್ಲ ನಕ್ಕರು. ನಗದೆ ಏನು ಮಾಡಿಯಾರು? ಮಾತಬ್ಬರ್ ಅಂದರೆ ಊರ ಯಜಮಾನ; ಜಮುನಾ ನದಿಯ ನಡುವಿನ ಆ ಮರಳುದಿಬ್ಬದಲ್ಲಿ ಎಲ್ಲರೂ ಉಳುವುದು ಅವನ ನೆಲವನ್ನೇ. ಜೊಬೇದಾ ನಗಲಿಲ್ಲ. ಬಾಳೆದಿಂಡಿನ ತೆಪ್ಪವನ್ನು ನೂಕಿಕೊಂಡು ಬಂದಿದ್ದ ಅವಳ ಸೀರೆ ಎದೆಯವರೆಗೂ ಒದ್ದೆ.

"ನನ್ ಮಂಚ ಮುಳುಗೈತೆ ಮಾತಬ್ಬರ್ರೇ. ಐದ್ ದಿನದಿಂದ ಅಟ್ಟದ್ ಮ್ಯಾಲೇ ಕುಂತಿವ್ನಿ. ಒಲೆ ಹಚ್ಚಿಲ್ಲ, ಒಣ ಅವಲಕ್ಕಿ ಅಗೀತಾ ಇವ್ನಿ."

"ನನ್ತಾವ ಯಾಕ್ ಬೊಗಳ್ತೀಯೇ? ನಿನ್ ಮನೆ ಒಣಗೈತೆ ಅಂತ ಸಾಹೇಬ್ರ ಪಟ ಹೇಳ್ತೈತೆ. ಮ್ಯಾಲಿಂದ ಅಲ್ಲಾ ನೋಡ್ತಾನೆ, ಅವನ್ ಕೆಳಗೆ ಆ ಯಂತ್ರ ನೋಡ್ತೈತೆ. ಇಬ್ರೂ ಸುಳ್ಳೇಳ್ತಾರಾ?"

ಸಾಹೇಬ ಅಂದರೆ ನಾಫಿಸ್, ನದಿ ಕಚೇರಿಯ ಹುಡುಗುಮೋರೆಯ ನೌಕರ. ಟಾರ್ಪಾಲಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೊಡೆಯ ಮೇಲಿನ ಗಾಜಿನ ಹಲಗೆ ನೋಡಿಕೊಂಡು ಮುಳುಗಿದ ಮನೆಗಳ ಪಟ್ಟಿ ಓದುತ್ತಿದ್ದ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಅಕ್ಕಿ, ತಗಡು, ಏರಿಯ ಮೇಲೆ ಒಂದು ಗುಡಿಸಲಿನ ಜಾಗ. ಇಲ್ಲದವರು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಬೇಕು. ಜೊಬೇದಾಗೆ ಅಕ್ಕಿಗಿಂತ ಆ ಜಾಗದ ಮೇಲೆ ಆಸೆ. ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಜನ ಇದ್ದರು. ಕೆಮ್ಮಿದರೆ ಯಾರಾದರೂ ಯಾಕೆ ಎನ್ನುತ್ತಿದ್ದರು.

"ಸಾರ್, ಮ್ಯಾಲಿಂದ ಪಟ ತೆಗೀತಾರೆ ಅಂತ ಹೇಳಿದ್ರು. ಅದ್ಕೇ ನನ್ ಮದುವೆ ಸೀರೆ, ಕೆಂಪುದು, ಸೂರಿನ್ ಮ್ಯಾಲೆ ಹಾಸಿದ್ದೆ. ಕಾಣ್ನಿಲ್ವಾ?"

ಸಾಲು ಮತ್ತೆ ನಕ್ಕಿತು. ಈ ಸಲ ಮನಸಾರೆ ನಕ್ಕಿತು.

"ಅದಕ್ಕೆ ಬಣ್ಣ ಕಾಣಲ್ಲ ಖಾಲಾ," ಎಂದ ನಾಫಿಸ್, ಚಿಕ್ಕಮ್ಮನನ್ನು ಕರೆಯುವ ಹಾಗೆ. ಅವನು ನಗಲಿಲ್ಲ. "ಇದು ಫೋಟೋ ಅಲ್ಲ. ಉಪಗ್ರಹ ಮೋಡದ ಆಚೆಯಿಂದ ಒಂದು ಕೂಗು ಹಾಕುತ್ತೆ ಅಂದ್ಕೊಳ್ಳಿ. ಕೂಗು ವಾಪಸ್ ಬಂದ್ರೆ ಅಲ್ಲಿ ಬಿಳಿ, ಅಂದ್ರೆ ನೆಲ. ನುಣ್ಣಗಿರೋ ನೀರಿಗೆ ಬಿದ್ರೆ ಕೂಗು ಜಾರಿ ಆಚೆ ಹೋಗುತ್ತೆ, ವಾಪಸ್ ಬರಲ್ಲ. ಅಲ್ಲಿ ಕಪ್ಪು."

ಕೂಗಿದ್ದು ವಾಪಸ್ ಬರದಿರುವುದು ಜೊಬೇದಾಗೆ ಹೊಸದೇನಲ್ಲ. ದಂಡೆ ಕುಸಿದು ಗಂಡ ಇದ್ರಿಸ ಹೊಳೆಪಾಲಾದ ಮೇಲೆ ಮಾತಬ್ಬರ್ ಅವಳಿಗೆ ಕೊಟ್ಟ ಜಾಗ ಅವನ ಸೆಣಬಿನ ಹೊಲದ ನಟ್ಟನಡುವೆ. ದನ ನುಗ್ಗದಂತೆ, ಕಳ್ಳರು ಕೊಯ್ಯದಂತೆ ಕಾಯಬೇಕು. ಆಳೆತ್ತರ ಮೀರಿದ ಸೆಣಬು ಸುತ್ತ ನಿಂತರೆ ಆಕಾಶವೊಂದು ಬಿಟ್ಟು ಏನೂ ಕಾಣದು. ನೀರು ಹೊಸ್ತಿಲು ದಾಟಿದ ದಿನ ಗಂಟಲು ಹರಿಯುವ ಹಾಗೆ ಕೂಗಿದ್ದಳು. ಓ ಎಂದದ್ದು ಅವಳ ಕೋಳಿಯೊಂದೇ.

"ನನ್ ಮನೆ ಯಾಕ್ ಬಿಳಿ ಸಾರ್?"

"ಸುತ್ತ ಸೆಣಬು ನಿಂತಿದೆಯಲ್ಲ. ನೀರಿಗೆ ಬಿದ್ದ ಕೂಗು ದಂಟಿಗೆ ಬಡಿದು ವಾಪಸ್ ಬಂದುಬಿಡುತ್ತೆ. ಬೆಳೆಯೊಳಗಿನ ನೀರು ಬಿಳೀನೇ ಕಾಣೋದು."

"ಅಂಗಾರೆ ನಿಮ್ಗೆ ಗೊತ್ತೈತೆ! ಬರ್ಕಳಿ ಮತ್ತೆ!"

ನಾಫಿಸ್ ತಲೆ ಎತ್ತಲಿಲ್ಲ. "ಪಟದಲ್ಲಿ ಬಿಳಿ ಇರೋದನ್ನ ನಾನು ಕಪ್ಪು ಅಂತ ಬರೆಯೋ ಹಾಗಿಲ್ಲ ಖಾಲಾ. ಮೇಲಿನೋರು ಒಪ್ಪಲ್ಲ."

"ಒಂದ್ಸಲ ದೋಣೀಲಿ ಬಂದ್ ನೋಡಿ."

"ಅದು ನನ್ನ ಕೆಲಸದಲ್ಲಿಲ್ಲ."

ಮುಂದಿನ ಹೆಸರು ಓದಿದ. ಎಕ್ಲಾಸ್ ಮಾತಬ್ಬರ್, ಅಂಗಳ, ಪೂರ್ತಿ ಕಪ್ಪು.

"ಯಾ ಅಲ್ಲಾ, ಇದೆಂಥಾ ಕಪ್ಪಪ್ಪ," ಎಂದಳು ಸಾಲಿನಲ್ಲಿದ್ದ ಮುದುಕಿ. "ಅದು ಭತ್ತ ಒಣಗಿಸೋ ಸಿಮೆಂಟ್ ಕಣ. ನಿನ್ನೆ ಅವ್ರ ದನ ಎಲ್ಲಾ ಅಲ್ಲೇ ಮಲಗಿದ್ವು."

ನುಣ್ಣಗಿರುವ ಸಿಮೆಂಟಿನ ಮೇಲೂ ಕೂಗು ಜಾರುತ್ತದೆ. ನಾಫಿಸನಿಗೆ ಅದೂ ಗೊತ್ತಿತ್ತೆಂದು ಕಾಣುತ್ತದೆ, ಕಿವಿ ಕೆಂಪಾಯಿತು. ಮಾತಬ್ಬರ್ ಮುದುಕಿಯತ್ತ ಒಮ್ಮೆ ತಿರುಗಿ ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡಳು. ಅವನು ಹೆಬ್ಬೆಟ್ಟಿಗೆ ಮಸಿ ಬಳಿದು ಒತ್ತಿದ. ಮೊದಲ ಮೂಟೆ ಅವನ ದೋಣಿಗೆ ಹೋಯಿತು.

ಜೊಬೇದಾ ಹೊರಡುವ ಮುನ್ನ ಕೇಳಿದಳು: "ಅದು ಮತ್ತೆ ಯಾವಾಗ್ ಕೂಗ್ತೈತೆ ಸಾರ್?"

"ನಾಡಿದ್ದು ಗುರುವಾರ, ಬೆಳಿಗ್ಗೆ ಆರಕ್ಕೆ."

"ಎಷ್ಟಗಲ ನೀರಿದ್ರೆ ಕಾಣ್ತದೆ?"

"ಹದಿನೈದು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ, ಅದೊಂದು ಚುಕ್ಕೆ. ಅಂಥ ನಾಲ್ಕಾದ್ರೂ ಸೇರಿರ್ಬೇಕು. ಅಲೆ ಏಳಬಾರ್ದು, ಎದ್ರೆ ಅದೂ ಬಿಳಿ. ಯಾಕೆ ಖಾಲಾ?"

"ಸುಮ್ಕೆ."

ಬುಧವಾರ ಕೋಳಿ ಕೂಗುವ ಹೊತ್ತಿಗೆ ಅವಳು ಕುಡುಗೋಲು ಹಿಡಿದು ಅಟ್ಟದಿಂದ ನೀರಿಗಿಳಿದಳು. ಸೆಣಬು ಇನ್ನೂ ಹೂ ಬಿಟ್ಟಿರಲಿಲ್ಲ. ಈಗ ಕೊಯ್ದರೆ ನಾರು ಕೈಗೆ ಬರುವುದಿಲ್ಲ, ಒಲೆಗೆ ಕೂಡ ಆಗುವುದಿಲ್ಲ. ಎರಡು ವರ್ಷ ಒಂದು ಗಿಡ ಕಳೆಯದಂತೆ ಕಾದವಳ ಕೈ ಮೊದಲ ದಂಟಿನ ಬುಡದಲ್ಲಿ ತುಸು ತಡೆಯಿತು. ಆಮೇಲೆ ತಡೆಯಲಿಲ್ಲ. ಮೂಗು ಮುಚ್ಚಿ ಮುಳುಗುವುದು, ಬುಡಕ್ಕೆ ಕೊಯ್ಯುವುದು, ಎದ್ದು ಉಸಿರು ಬಿಡುವುದು. ತೊಡೆಗೆ ಜಿಗಣೆ ಹತ್ತಿದರೆ ಕಿತ್ತೆಸೆದು ಮತ್ತೆ ಮುಳುಗುವುದು. ದಂಟು ತೇಲುತ್ತ ಉಳಿದರೆ ನೀರು ನುಣ್ಣಗಾಗದು. ಹಾಗಾಗಿ ಕಟ್ಟು ಕಟ್ಟಿ, ಹೊಲದ ಅಂಚಿನವರೆಗೂ ನೂಕಿ, ಸೆಳವಿಗೆ ಬಿಟ್ಟಳು. ಸೆಳವು ಹೋಗುವುದು ಮಾತಬ್ಬರನ ಮನೆ ಮುಂದೆ ದೋಣಿ ಕಟ್ಟುವ ಕಡವಿಗೆ ಎಂದು ಅವಳಿಗೆ ಗೊತ್ತಿತ್ತು. ಹೋಗಲಿ, ಹಾಳಾಗಿ ಹೋಗಲಿ ಎಂದುಕೊಂಡಳು.

"ಇನ್ನೊಂದು ಸಾಲು ಕಣೇ," ಎಂದು ಅಟ್ಟದ ಮೇಲಿನ ಕೋಳಿಗೆ ಹೇಳುತ್ತಿದ್ದಳು. ಬೇರೆ ಯಾರಿಗೆ ಹೇಳಬೇಕು? ಸಂಜೆ ಹೊತ್ತಿಗೆ ಅಂಗೈ ಬಾತು ಕುಡುಗೋಲಿನ ಹಿಡಿ ಸಿಗದಾಯಿತು. ಸುತ್ತ ತಿರುಗಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಬಾಗಿಲ ಮುಂದೆ ಬಯಲಿತ್ತು, ಬಯಲ ತುಂಬ ನೀರಿತ್ತು. ಅಷ್ಟು ನೀರು ನೋಡಿ ಅಳು ಬಂತು.

ಗುರುವಾರ ಬೆಳಕು ಹರಿಯುವಾಗ ಎದೆಮಟ್ಟ ನೀರಿನಲ್ಲಿ ನಿಂತು ಕೊನೆಯ ಕೆಲವು ದಂಟು ಆಯುತ್ತಿದ್ದಳು. ಸೆಣಬು ಸೀಳಿಕೊಂಡು ಮಾತಬ್ಬರನ ದೋಣಿ ಬಂತು. ಕೋಲು ಹಾಕುತ್ತಿದ್ದವನು ಅವನ ಆಳು.

"ಹಾದರಗಿತ್ತಿ! ಹೂವೂ ಬಿಡದ ಬೆಳೆ ಕಣೇ! ನಿನ್ ವಂಶ ನಿರ್ವಂಶ ಆಗ!"

"ಆಗೈತೆ."

"ನಿನ್ ಗುಡಿಸ್ಲು ಕಿತ್ತು ಹೊಳೆಗೆ ಹಾಕ್ತೀನಿ! ನಡಿಯೋ ಮುಂದೆ!"

ದೋಣಿ ಎಬ್ಬಿಸಿದ ಅಲೆಗಳು ಬಯಲ ನೀರಿನ ಅಂಚಿಗೆ ಬಂದವು. ಜೊಬೇದಾ ಕುಡುಗೋಲು ಎತ್ತಿ ಹಿಡಿದಳು.

"ಅಲ್ಲೇ ನಿಲ್ಸೋ ಎಕ್ಲಾಸ. ನೀರ್ ಕಲಕಬ್ಯಾಡ."

ಅವನನ್ನು ಹಾಗೆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಆಳಿನ ಕೈಯಲ್ಲಿ ಕೋಲು ಎತ್ತಿದ ಹಾಗೇ ನಿಂತಿತು. ಅಲೆಗಳು ಅವಳ ಎದೆಗೆ ಬಡಿದು, ಸಣ್ಣಗಾಗಿ, ನಿಂತವು. ಗಂಟೆ ಆರಾಯಿತೋ, ಆಗಿಹೋಯಿತೋ, ಅವಳಿಗೆ ತಿಳಿಯದು. ಉಸಿರಾಡಿದರೂ ನೀರು ಕದಡೀತೆಂದು ಉಸಿರು ಬಿಗಿಹಿಡಿದು, ಮುಖವನ್ನು ಮೋಡಗಳಿಗೆ ಎತ್ತಿ ನಿಂತಳು.

"ತಳ್ಳೋ ಬೋಳಿಮಗ್ನೆ, ತಳ್ಳು!" ಎಂದು ಮಾತಬ್ಬರ್ ಅರಚಿದ.

ಆಳು ಒಮ್ಮೆ ಅವನನ್ನು ನೋಡಿದ, ಒಮ್ಮೆ ಅವಳನ್ನು. ಕೋಲಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಕೋಲನ್ನು ಮೆಲ್ಲಗೆ ದೋಣಿಯೊಳಕ್ಕೆ ಎಳೆದುಕೊಂಡ.