ಮೆಣಸಿನಕಾಯಿ ಸಾಹೇಬರ ಅಳು

ಮುನವಳ್ಳಿಗೆ ಬಂದ ಹೊಸತರಲ್ಲಿ ತೋಮಾಸ್ ತನ್ನ ದೇಶ ಚಿಲಿ ಎಂದು ಬಾಯಿಬಿಟ್ಟಿದ್ದೇ ತಪ್ಪಾಯಿತು. ಮಾಳಪ್ಪನ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ, ಮೊಬೈಲ್ ರಿಪೇರಿ ಮಾಡುವ ಶಿವಲಿಂಗ ಥಟ್ಟನೆ, "ಹಂಗಾರ ನೀವು ನಮ್ಮ ಪೈಕಿನ ಬಿಡ್ರಿ. ಬೈಲಹೊಂಗಲದಾಗ ನಮ್ಮ ಮಾವನ ಅಡ್ಡಹೆಸರೂ ಮೆಣಸಿನಕಾಯಿ ಐತಿ" ಎಂದ. ನವಿಲುತೀರ್ಥದ ಅಣೆಕಟ್ಟಿಗೆ ಹೊಸ ಗೇಟು ಕೂಡಿಸಲು ಬಂದಿದ್ದ ಎಂಜಿನಿಯರು ಅಂದಿನಿಂದ ಊರಿಗೆಲ್ಲ ಮೆಣಸಿನಕಾಯಿ ಸಾಹೇಬರಾದರು.

ಅವನು ಬಾಡಿಗೆಗಿದ್ದದ್ದು ಸೋಮವ್ವನ ಮಾಳಿಗೆಯ ಮೇಲೆ. ಮುದುಕಿ ದಿನಾ ರೊಟ್ಟಿ ಬಡಿಸುತ್ತ, "ನಿನ್ನ ಹೆಣಾ ಎತ್ತಲಿ, ಇಷ್ಟ ತಿಂದ್ರ ಹೆಂಗ ಬದುಕತಿ? ಇನ್ನೊಂದ ಹಾಕ್ಕೊ" ಎನ್ನುವಳು. ಅದರ ಅರ್ಥ ತಿಳಿದ ದಿನ ತೋಮಾಸ್ ಗಾಬರಿಯಾಗಿ ಶಿವಲಿಂಗನ ಬಳಿ ಓಡಿದ್ದ.

"ಅದು ಪ್ರೀತಿರಿ," ಎಂದಿದ್ದ ಶಿವಲಿಂಗ. "ಬರೇ 'ಊಟ ಮಾಡ್ರಿ' ಅಂದ್ರ ನೀವು ಬೀಗರು. ಹೆಣಾ ಎತ್ತಿದ್ಲು ಅಂದ್ರ ನೀವು ಮನೀ ಮಗಾ."

ಆಮೇಲೆ ತೋಮಾಸ್ ಬೈಗುಳಗಳನ್ನು ಪಾಠದ ಹಾಗೆ ಕಲಿತ. ಅವನು ಒಂದೊಂದು ಬೈದಾಗಲೂ ಬೆಂಚಿನವರು ಹೊಟ್ಟೆ ಹಿಡಿದು ನಗುವರು. ಬಸ್ ಕಂಡಕ್ಟರನಿಂದ ಹಿಡಿದು ಎಮ್ಮೆಯವರೆಗೆ ಯಾರ ದನಿಯನ್ನೂ ಬಿಡದ ಶಿವಲಿಂಗ, ಸಾಹೇಬರ ದನಿಯನ್ನೂ ಹಾಗೆಯೇ ಎತ್ತಿ ತೋರಿಸುವನು. ಬರಬರುತ್ತ "ಚಹಾ ಕೊಡ್ರಿ" ಎಂದರೂ ನಗು. ತೋಮಾಸನಿಗೆ ಬೇಸರವೇನೂ ಇರಲಿಲ್ಲ. ತನ್ನವರೆಂಬವರಿಲ್ಲದ ಊರಿನಲ್ಲಿ, ತಾನು ಬಂದದ್ದಕ್ಕೆ ನಾಲ್ಕು ಜನ ನಗುತ್ತಾರಲ್ಲ, ಅಷ್ಟಾದರೂ ಆಯಿತಲ್ಲ ಎಂದುಕೊಂಡಿದ್ದ.

ಹೋಳಿಯ ಬಣ್ಣದ ಮುನ್ನಾದಿನ ಬೆಳಿಗ್ಗೆ ಅವನ ಅಕ್ಕ ಫೋನು ಮಾಡಿದಳು. ತಾಯಿ ತೀರಿಕೊಂಡಿದ್ದಳು. ಇವನು ಬೆಳಗಾವಿಗೆ ಹೋಗಿ, ವಿಮಾನದ ಮೇಲೆ ವಿಮಾನ ಹತ್ತಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿರುತ್ತಿತ್ತು. "ನೀನು ಅಲ್ಲೇ ಇರು," ಎಂದಳು ಅಕ್ಕ.

ಅವನು ಅಲ್ಲೇ ಇದ್ದ. ಗೋಡೆ ನೋಡಿದ. ಯಾರಾದರೂ ಒಬ್ಬರಿಗೆ ಬಾಯಿಬಿಟ್ಟು ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿತು. ಸೋಮವ್ವ ಮಗಳ ಮನೆಗೆಂದು ಸಿರಸಂಗಿಗೆ ಹೋಗಿದ್ದಳು. ಚಹಾದಂಗಡಿಗೆ ನಡೆದ.

ಅಲ್ಲಿ ಹಬ್ಬದ ತಯಾರಿ ನಡೆದಿತ್ತು. ಬಣ್ಣದ ದಿನ ಜೀವಂತ ಮನುಷ್ಯನನ್ನು ಚಟ್ಟದ ಮೇಲೆ ಮಲಗಿಸಿ, ಹಲಗೆ ಬಾರಿಸುತ್ತ ಊರೆಲ್ಲ ಹೊತ್ತು ತಿರುಗುವುದು ಅಲ್ಲಿನ ರೂಢಿ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಬಂದು 'ಹೆಣ'ದ ಗುಣ ಹಾಡಿಕೊಂಡು ಅಳಬೇಕು. ಹೆಣ ನಕ್ಕರೆ ಸೋತಂತೆ. ಈ ಸಲದ ಹೆಣ ಶಿವಲಿಂಗ. ಯಾರು ಹೇಗೆ ಅಳಬೇಕೆಂದು ಬೆಂಚಿನ ಮೇಲೆ ತಾಲೀಮು ಸಾಗಿತ್ತು.

"ನನ್ನ ಅವ್ವ ಸತ್ತಲು," ಎಂದ ತೋಮಾಸ್.

ತಾಲೀಮಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಆಮೇಲೆ ಮಾಳಪ್ಪ ಸೌಟು ಎತ್ತಿ ಹಿಡಿದು, "ಯಾರ ಕಲಿಸಿದ್ರೋ ಸಾಹೇಬ್ರಿಗೆ ಇದನ್ನ!" ಎಂದು ಕೂಗಿದ. ಅಂಗಡಿ ನಗೆಯಿಂದ ಅದುರಿತು. ಶಿವಲಿಂಗ ಎದ್ದು ನಿಂತು, ತೋಮಾಸನ ಹಾಗೆಯೇ ಭುಜ ಇಳಿಬಿಟ್ಟು, 'ಳ' ತಿರುಗದ ಅದೇ ದನಿಯಲ್ಲಿ, "ನನ್ನ ಅವ್ವ ಸತ್ತಲು" ಎಂದ. "ಇನ್ನೂ ಜೋರ ಅಳಬೇಕ್ರಿ ಸಾಹೇಬ್ರ. ಮೆಣಸಿನಕಾಯಿ ಆಗಿ ಇಷ್ಟ ಸಪ್ಪಗ?"

ರೂಢಿಬಲದಿಂದ ತೋಮಾಸನೂ ನಕ್ಕುಬಿಟ್ಟ. ಅದನ್ನು ಮಾತ್ರ ಅವನು ತನಗೆ ತಾನೇ ಕ್ಷಮಿಸಿಕೊಳ್ಳಲಾರದೇ ಹೋದ.

ಮರುದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತವನನ್ನು ಹುಡುಕಿ ಎಳೆದುಕೊಂಡು ಹೋದರು. ಓಣಿಯ ನಡುವೆ ಚಟ್ಟ ಇಳಿಸಿದ್ದರು. ಹಣೆಗೆ ವಿಭೂತಿ, ಮೂಗಿಗೆ ಹತ್ತಿ, ಕುತ್ತಿಗೆಗೆ ಬದನೆಕಾಯಿ ಹಾರ ಹಾಕಿಕೊಂಡು ಶಿವಲಿಂಗ ಕಣ್ಣು ಮುಚ್ಚಿ ಮಲಗಿದ್ದ. ಸೀರೆಯುಟ್ಟ ಮಾಳಪ್ಪ, "ರಿಪೇರಿಗಿ ಕೊಟ್ಟ ನನ್ನ ಫೋನ್ ಯಾರ ಕೊಡ್ತಾರೋ ನನ್ನಪ್ಪಾ" ಎಂದು ಎದೆ ಬಡಿದುಕೊಂಡು ಎದ್ದ. "ಸಾಹೇಬ್ರ, ನಿಮ್ಮ ಪಾಳಿ!"

ತೋಮಾಸ್ ಹೆಣದ ತಲೆಯ ಹತ್ತಿರ ಕೂತ. ಕಲಿತ ಕನ್ನಡವೆಲ್ಲ ಎಲ್ಲೋ ಹೋಗಿ, ಬಾಯಿಗೆ ಬಂದದ್ದು ಅವನ ತಾಯಿಯ ಮಾತು, ಸ್ಪ್ಯಾನಿಷ್. ಸಮುದ್ರದ ಕಡೆಯ ಕಿಟಕಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಆಕೆಯನ್ನು ಹೆಸರು ಹಿಡಿದು ಕರೆದ. ಭಾನುವಾರ ಸಂಜೆ ಇನ್ನು ಯಾರಿಗೆ ಫೋನು ಮಾಡಲಿ ಎಂದು ಕೇಳಿದ. ಜನ ಸಿಳ್ಳೆ ಹೊಡೆದರು. ಮೊಬೈಲುಗಳು ಮೇಲೆದ್ದವು. ನಗು ತಡೆದು ಶಿವಲಿಂಗನ ಹೊಟ್ಟೆ ಕುಣಿಯುತ್ತಿತ್ತು.

ಆಮೇಲೆ ಕುಣಿಯುವುದು ನಿಂತಿತು. ಅವನ ಕೆನ್ನೆಯ ಮೇಲೆ ಬಿದ್ದ ಹನಿ ಬಣ್ಣದ ನೀರಿನಷ್ಟು ತಣ್ಣಗಿರಲಿಲ್ಲ.

"ಸಾಹೇಬ್ರ," ತುಟಿ ಅಲುಗದಂತೆ ಕೇಳಿತು ಹೆಣ. "ನಿನ್ನೆ ಹೇಳಿದ್ದು... ಖರೇನ?"

"ಖರೇ," ಎಂದ ತೋಮಾಸ್.



ಮಾಳಪ್ಪ ಬಣ್ಣದ ಕೊಡ ತಂದು ಸುರಿದ. ಬಣ್ಣ ಬಿದ್ದೊಡನೆ ಹೆಣ ಚಂಗನೆ ಹಾರಿ ಓಡಬೇಕು, ಜನ ಅಟ್ಟಿಸಿಕೊಂಡು ಹೋಗಬೇಕು. ಶಿವಲಿಂಗ ಏಳಲಿಲ್ಲ. "ಏಳಲೇ, ಹೊತ್ತಾತು!" ಎಂದರು. ಏಳಲಿಲ್ಲ. ಹಲಗೆಯವರ ಕೈ ಸೋತು ನಿಂತಿತು. ತೋಮಾಸನ ಅಳು ತಾನಾಗಿ ಮುಗಿದು, ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುವವರೆಗೂ ಶಿವಲಿಂಗ ಹೆಣವಾಗಿಯೇ ಮಲಗಿದ್ದ. ಆಮೇಲೆ ಎದ್ದು, ಹತ್ತಿ ಕಿತ್ತೊಗೆದು, ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದ. ಇಂಥ ಹೆಣ ಈ ಊರಿನಲ್ಲಿ ಆಗಿಲ್ಲವೆಂದು ಜನ ಚಪ್ಪಾಳೆ ತಟ್ಟಿದರು.

ಸಂಜೆಗೆ ಆ ವಿಡಿಯೋ ಸವದತ್ತಿ, ರಾಮದುರ್ಗ ದಾಟಿತ್ತು. ಬೆಳಿಗ್ಗೆ ತೋಮಾಸ್ ಚಹಾಕ್ಕೆ ಬಂದಾಗ ಬೆಂಚಿನವರು ಅದನ್ನೇ ಹಚ್ಚಿಕೊಂಡು ನೋಡುತ್ತಿದ್ದರು.

"ಲೇ ಶಿವ್ಯಾ," ಎಂದ ಮಾಳಪ್ಪ, "ಸಾಹೇಬ್ರ ಅಳೂದ ಒಮ್ಮಿ ಮಾಡಿ ತೋರ್ಸಲೇ."

ಶಿವಲಿಂಗ ಬಸಿಯಲ್ಲಿನ ಚಹಾ ನೋಡುತ್ತ ಕೂತಿದ್ದ.

"ಅದು ನನಗ ಬರಂಗಿಲ್ಲ," ಎಂದ.

ಸರಿದು ಜಾಗ ಮಾಡಿದ. ತೋಮಾಸ್ ಕೂತ. ಮಾಳಪ್ಪನ ಕೈಯಲ್ಲಿನ ವಿಡಿಯೋ ಮಾತ್ರ ಇನ್ನೂ ಅಳುತ್ತಿತ್ತು.